ಬ್ರಿಡ್ಜ್: ಮೊದಲ ಎಲೆ ಯಾವುದು ಇಳಿಸಬೇಕಿತ್ತು?

ಪ್ರಶ್ನೆ (ಗೋಣಿಕೊಪ್ಪದಿಂದ): ಸರ್, ಕಕ್ಕಡ ತಿಂಗಳ ಮಳೆಗೆ ತೋಟದ ಕೆಲಸ ನಿಂತಿದೆ. ಸಂಜೆ ನಾಲ್ಕು ಜನ ಕೂತು ಬ್ರಿಡ್ಜ್ ಕಲಿಯುತ್ತಿದ್ದೇವೆ. ಇಷ್ಟು ವರ್ಷ ನಾನು ಆಡಿದ್ದು 28 ಅನ್ನುವ ಎಲೆಯಾಟ ಮಾತ್ರ. ನಿನ್ನೆ ಬಲಗಡೆಯವರು 1 ನೋ ಟ್ರಂಪ್ ಕೂಗಿದರು, ಅವರ ಪಾರ್ಟ್ನರ್ ಸೀದಾ 3 ನೋ ಟ್ರಂಪ್, ಅಂದರೆ ತುರುಪಿಲ್ಲದೆ 13ರಲ್ಲಿ 9 ಟ್ರಿಕ್ ಎತ್ತುತ್ತೇವೆ ಅನ್ನುವ ಕೂಗು. ನನ್ನ ಕೈ: ಇಸ್ಪೀಟ್ 9, 4, ಆಟಿನ್ ರಾಜ, ಗುಲಾಮ, 8, 5, 3, ಡೈಮಂಡ್ 7, 6, 2, ಕಳಾವರ್ ಎಕ್ಕ, 10, 4. ಒಂದು ಟ್ರಿಕ್ ಆದರೂ ಗ್ಯಾರಂಟಿ ಅಂತ ಕಳಾವರ್ ಎಕ್ಕ ಇಳಿಸಿದೆ. ಡಮ್ಮಿಯಲ್ಲಿ (ಅವರ ಪಾರ್ಟ್ನರ್ ಮೇಜಿನ ಮೇಲೆ ಬಿಚ್ಚಿಟ್ಟ ಕೈ) ಕಳಾವರ್ ರಾಜ, ರಾಣಿ, ಗುಲಾಮ ಸೇರಿ ಐದು ಎಲೆ! ಕಳಾವರ್‌ನಲ್ಲೇ 4 ಟ್ರಿಕ್ ಎತ್ತಿ, ಒಟ್ಟು ಸರಿಯಾಗಿ 9 ಮಾಡಿದರು. ಆಮೇಲೆ ನೋಡಿದರೆ ಆಟಿನ್ ರಾಣಿ, 7, 2 ನನ್ನ ಪಾರ್ಟ್ನರ್ ಹತ್ತಿರವೇ ಇತ್ತು. ಎಕ್ಕ, 9, 4 ಎದುರಾಳಿಯ ಕೈಯಲ್ಲಿ, 10, 6 ಡಮ್ಮಿಯಲ್ಲಿ.

ಉತ್ತರ: ಆಟಿನ್ 5 ಇಳಿಸಬೇಕಿತ್ತು. ನೋ ಟ್ರಂಪ್‌ನಲ್ಲಿ ತುರುಪಿನ ಕಾಟ ಇಲ್ಲ. ಹಾಗಾಗಿ ಉದ್ದದ ಸೂಟಿನ ಸಣ್ಣ ಎಲೆಗಳೂ ಕೊನೆಗೆ ಟ್ರಿಕ್ ಆಗುತ್ತವೆ. ಆದರೆ ಅವು ಬಲಿತ ಮೇಲೆ ಆಟ ನಿಮ್ಮ ಕೈಗೆ ವಾಪಸ್ ಬರಬೇಕು, ಅಲ್ವಾ? ಆ ದಾರಿಯೇ ನಿಮ್ಮ ಕಳಾವರ್ ಎಕ್ಕ. ಅದನ್ನು ಮೊದಲೇ ಕೊಟ್ಟುಬಿಟ್ಟಿರಿ.

5 ಇಳಿಸಿದ್ದರೆ ಪಾರ್ಟ್ನರ್ ರಾಣಿ ಹಾಕುತ್ತಾರೆ. ಎದುರಾಳಿ ಎಕ್ಕ ಹೊಡೆದರು ಅಂತಿಟ್ಟುಕೊಳ್ಳಿ. ಕಳಾವರ್ ಬಿಡಿಸದೆ ಅವರಿಗೆ 9 ಆಗುವುದಿಲ್ಲ. ಬಿಡಿಸಿದ ಕೂಡಲೇ ನಿಮ್ಮ ಎಕ್ಕ, ಆಮೇಲೆ ಆಟಿನ್ ರಾಜ, ಗುಲಾಮ, 8, 3. ಒಟ್ಟು 5 ಟ್ರಿಕ್, ಅವರು ಒಂದು ಡೌನ್, ಅಂದರೆ 9ಕ್ಕೆ ಒಂದು ಕಡಿಮೆ.

ಪ್ರಶ್ನೆ: ಐದೇ ಯಾಕೆ ಸರ್? 3 ಆಗಲ್ವಾ?

ಉತ್ತರ: ಐದು ನಿಮ್ಮ ನಾಲ್ಕನೇ ದೊಡ್ಡ ಎಲೆ. ಅದನ್ನೇ ಇಳಿಸುವುದು ರೂಢಿ, ಯಾಕೆಂದರೆ ಪಾರ್ಟ್ನರ್‌ಗೆ ಲೆಕ್ಕ ಸಿಗುತ್ತದೆ. ಇಳಿಸಿದ ನಾಲ್ಕನೇ ಎಲೆಯನ್ನು ಯಾವಾಗಲೂ 11ರಲ್ಲಿ ಕಳೆಯುವುದು: 11ರಲ್ಲಿ 5 ಕಳೆದರೆ 6. ಐದಕ್ಕಿಂತ ದೊಡ್ಡ ಎಲೆ ಉಳಿದ ಮೂರು ಕೈಗಳಲ್ಲಿ ಆರೇ ಇವೆ ಅಂತ ಅರ್ಥ. ಅವರು ಡಮ್ಮಿಯಲ್ಲಿ ಎರಡು, ತಮ್ಮಲ್ಲಿ ಎರಡು ಎಣಿಸುತ್ತಾರೆ. ಹಾಗಾದರೆ ಎದುರಾಳಿ ಹತ್ತಿರ ಎರಡೇ! ನನಗೆ ಬ್ರಿಡ್ಜ್‌ನಲ್ಲಿ ತುಂಬಾ ಇಷ್ಟವಾದ ಲೆಕ್ಕ ಇದು. ಆದರೆ ಕೈಯಲ್ಲಿ ರಾಜ, ರಾಣಿ, ಗುಲಾಮ ಸಾಲಾಗಿದ್ದರೆ ನಾಲ್ಕನೇ ಎಲೆ ಬೇಡ, ರಾಜನನ್ನೇ ಇಳಿಸಿ. ಪಾರ್ಟ್ನರ್ ಯಾವುದಾದರೂ ಸೂಟ್ ಕೂಗಿದ್ದರೆ ಹೆಚ್ಚಾಗಿ ಅದೇ ಒಳ್ಳೆಯದು.

ಪ್ರಶ್ನೆ (ವಿರಾಜಪೇಟೆಯಿಂದ): ತುರುಪು ಇರುವ ಆಟದಲ್ಲೂ ಹೀಗೇನಾ?

ಉತ್ತರ: ಇಲ್ಲ ಮೇಡಂ. ಅಲ್ಲಿ ಎಕ್ಕದ ಕೆಳಗಿಂದ ಸಣ್ಣ ಎಲೆ ಇಳಿಸಬೇಡಿ, ಎಕ್ಕ ಟ್ರಿಕ್ಕೇ ಆಗದೆ ಹೋಗಬಹುದು. ಎಕ್ಕ, ರಾಜ ಎರಡೂ ಇದ್ದರೆ ಅದು ಚೆನ್ನಾದ ಶುರು. ಒಂಟಿ ಎಲೆಯೂ ಒಳ್ಳೆಯದೇ, ಮುಂದೆ ನಿಮ್ಮ ಸಣ್ಣ ತುರುಪಿನಲ್ಲಿ ಹೊಡೆಯಬಹುದು.

ಇನ್ನೊಂದು, ಇಬ್ಬರಿಗೂ. ಮೊದಲ ಎಲೆಯನ್ನು ಮಗುಚಿ ಇಡಿ. ಕೂಗಿನ ಬಗ್ಗೆ ಪಾರ್ಟ್ನರ್ ಏನಾದರೂ ಕೇಳುವುದಿದ್ದರೆ ಕೇಳಲಿ, ಆಮೇಲೆ ತಿರುಗಿಸಿ. ನಿಯಮ ಇರುವುದೇ ಹಾಗೆ.