ಗ್ಯಾಸ್ಕೆಟ್ ಬದಲಿಸಿದರೂ ಟರ್ಬೊ ಎಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತೆ ಸೋರುತ್ತಿದೆ

ಪ್ರಶ್ನೆ: ನನ್ನ ಕಾರಿನದು ನಾಲ್ಕು ಸಿಲಿಂಡರ್‌ಗಳ ಟರ್ಬೊ ಪೆಟ್ರೋಲ್ ಎಂಜಿನ್. ಸಿಲಿಂಡರ್ ಹೆಡ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ಒಯ್ಯುವ ಕೊಳವೆ) ನಡುವಿನ ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ತೆಳು ಹಾಳೆ, ಸೋರುತ್ತಿದ್ದುದರಿಂದ ಅದನ್ನು ಇತ್ತೀಚೆಗೆ ಬದಲಿಸಲಾಯಿತು. ಕೆಲಕಾಲ ಎಲ್ಲವೂ ಸರಿಯಿತ್ತು. ಈಗ ತಣ್ಣಗಿರುವ ಎಂಜಿನ್ ಚಾಲೂ ಮಾಡಿದೊಡನೆ ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ಬಿಸಿಯಾದ ಮೇಲೆ ಬಹುಮಟ್ಟಿಗೆ ಅಡಗುತ್ತದೆ. ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ನಿಧಾನವಾಗಿ ಏರುತ್ತಿದೆ, ನಾಲ್ಕನೆಯ ಪೋರ್ಟ್‌ನ (ಸಿಲಿಂಡರ್‌ನ ಹೊಗೆ ಹೊರಬರುವ ದ್ವಾರದ) ಅಂಚಿನಲ್ಲಿ ಮಸಿ ಕಟ್ಟಿದೆ. ಹೊಸ ಗ್ಯಾಸ್ಕೆಟ್ಟೇ ಕಳಪೆಯದಾಗಿರಬಹುದೇ?

ಉತ್ತರ: ಗ್ಯಾಸ್ಕೆಟ್ ಮೇಲೆ ನನಗೆ ಅನುಮಾನ ಕಡಿಮೆ. ಸೋರಿಕೆ ತುದಿಯ ಪೋರ್ಟ್‌ನಲ್ಲೇ ಮರುಕಳಿಸಿದೆ ಎಂದರೆ ಮ್ಯಾನಿಫೋಲ್ಡ್ ಬಾಗಿರುವ ಅಥವಾ ಅದನ್ನು ಹೆಡ್‌ಗೆ ಬಿಗಿದಿಡುವ ಅಲ್ಲಿನ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿದಿರುವ ಸಾಧ್ಯತೆಯೇ ಹೆಚ್ಚು. 400 ಮಿ.ಮೀ. ಉದ್ದದ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ 700 ಡಿಗ್ರಿಯಷ್ಟು ಬಿಸಿಯೇರಿದಾಗ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ನೀರಿನಿಂದ ತಂಪಾಗುವ ಹೆಡ್ ಅಷ್ಟು ಹಿಗ್ಗುವುದಿಲ್ಲ. ಈ ಜಗ್ಗಾಟದ ಪೆಟ್ಟು ಹೆಚ್ಚಾಗಿ ಬೀಳುವುದು ಎರಡು ತುದಿಗಳ ಮೇಲೆ. ಹಲವು ಎಂಜಿನ್‌ಗಳಲ್ಲಿ ತುದಿಯ ಸ್ಟಡ್ ರಂಧ್ರಗಳನ್ನು ತುಸು ಅಗಲವಾಗಿ ಕೊರೆದಿರುವುದು ಇದೇ ಕಾರಣಕ್ಕೆ.

ಬಿಚ್ಚುವ ಮೊದಲು ಸೋರಿಕೆಯ ಜಾಗವನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಇಂಜೆಕ್ಟರ್‌ಗಳ ಸದ್ದೂ ಹೀಗೆಯೇ ಕೇಳಿಸುವುದುಂಟು. ಎಂಜಿನ್ ಪೂರ್ತಿ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬದಿಯನ್ನು ಸೈಲೆನ್ಸರ್ ಕೊಳವೆಗೆ ಹಿಡಿದು, ಮ್ಯಾನಿಫೋಲ್ಡ್ ಸಂದುಗಳಿಗೆ ಸಾಬೂನು ನೀರು ಸಿಂಪಡಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಆಮೇಲೆ ಮ್ಯಾನಿಫೋಲ್ಡ್ ಕಳಚಿ, ಮುಖವನ್ನು ಶುಚಿಗೊಳಿಸಿ, ಅದರ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಲೋಹದ ಪಟ್ಟಿ) ಇಟ್ಟು ಫೀಲರ್ ಗೇಜ್‌ನಿಂದ (ಬೇರೆ ಬೇರೆ ದಪ್ಪದ ತೆಳು ಬ್ಲೇಡ್‌ಗಳ ಅಳತೆಗೋಲಿನಿಂದ) ಸಂದು ಅಳೆಯಿರಿ. ಹೆಡ್‌ನ ಮುಖವನ್ನೂ ಅಳೆಯಬೇಕು. ಅವಸರದಲ್ಲಿ ಹಲವರು ಬಿಟ್ಟುಬಿಡುವುದು ಇದನ್ನೇ.

ಮರುಪ್ರಶ್ನೆ: ನಾಲ್ಕನೆಯ ಪೋರ್ಟ್ ಬಳಿ 0.4 ಮಿ.ಮೀ. ಬ್ಲೇಡ್ ಸಲೀಸಾಗಿ ನುಸುಳಿತು. ತುದಿಯ ಒಂದು ಸ್ಟಡ್ ಹೆಡ್‌ನ ಹೊರಗೆ ತುಸುವೇ ಉಳಿಯುವಂತೆ ಮುರಿದಿದೆ. ಶಾಖ ತಡೆಯುವ ಸೀಲಂಟ್ ಹಚ್ಚಿ ಜೋಡಿಸಬಹುದೇ?

ಉತ್ತರ: ಬೇಡ. ಅಷ್ಟು ಸಂದನ್ನು ಸೀಲಂಟ್ ಹೆಚ್ಚು ದಿನ ಮುಚ್ಚಲಾರದು, ಉದುರಿದ ಚೂರು ನೇರವಾಗಿ ಟರ್ಬೈನ್ ಎಲೆಗಳಿಗೆ ಬಡಿಯುತ್ತದೆ. ಮ್ಯಾನಿಫೋಲ್ಡ್ ಮುಖವನ್ನು ಮೆಷಿನಿಂಗ್ ಮಾಡಿಸಿ ಸಮತಟ್ಟಾಗಿಸಿ. ಬಿರುಕು ಕಂಡರೆ ಬದಲಿಸುವುದೇ ಲೇಸು. ಮುರಿದ ಸ್ಟಡ್‌ಗೆ ನಟ್ ಒಂದನ್ನು ವೆಲ್ಡ್ ಮಾಡಿಸಿ, ತುಸು ಆರಿದ ಮೇಲೆ ಹಿಂದೆ ಮುಂದೆ ಅಲುಗಿಸುತ್ತ ಹೊರತೆಗೆಯಬಹುದು. ಡ್ರಿಲ್ ಮಾಡುವುದು ಕೊನೆಯ ದಾರಿ, ಏಕೆಂದರೆ ಬಿಟ್ ಸ್ವಲ್ಪ ಜಾರಿದರೂ ಮೆದುವಾದ ಅಲ್ಯೂಮಿನಿಯಂ ಹೆಡ್‌ನ ಮರೆ (ಥ್ರೆಡ್) ಕೆಡುತ್ತದೆ.

ಜೋಡಿಸುವಾಗ ಹೊಸ ಸ್ಟಡ್ ಮತ್ತು ನಟ್‌ಗಳನ್ನೇ ಬಳಸಿ, ನಡುವಿನಿಂದ ಹೊರಕ್ಕೆ, ಕೈಪಿಡಿಯ ಟಾರ್ಕ್‌ಗೆ (ಬಿಗಿತದ ಅಳತೆಗೆ) ಎರಡು ಮೂರು ಹಂತಗಳಲ್ಲಿ ಬಿಗಿಯಿರಿ. ಟರ್ಬೊ ಆಸರೆಯ ಬ್ರಾಕೆಟ್ ಅಲ್ಲಿಯವರೆಗೂ ಸಡಿಲವಾಗಿಯೇ ಇರಲಿ. ಅದನ್ನು ಮೊದಲೇ ಬಿಗಿದರೆ ಮ್ಯಾನಿಫೋಲ್ಡ್ ಸಹಜವಾಗಿ ಕೂರದೆ ಅದೇ ತುದಿಯ ಮೇಲೆ ಎಳೆತ ಬೀಳುತ್ತದೆ. ಆಯಿಲ್ ಕೊಳವೆಗಳ ವಾಷರ್‌ಗಳನ್ನು ಬದಲಿಸಿ, ಇಂಧನ ಪೂರೈಕೆಯನ್ನು ತಡೆದು, ಆಯಿಲ್ ಒತ್ತಡ ಏರುವವರೆಗೆ ಸ್ಟಾರ್ಟರ್‌ನಿಂದ ಬಿಟ್ಟು ಬಿಟ್ಟು ತಿರುಗಿಸಿದ ಮೇಲಷ್ಟೇ ಎಂಜಿನ್ ಚಾಲೂ ಮಾಡಿ.