ಸಹಾಯ ಬೇಕು: ಮಾಡಿದ ಸುಧಾರಣೆ ಉಳಿಯುತ್ತಿಲ್ಲ
ಎಲ್ಲರಿಗೂ ನಮಸ್ಕಾರ. ನಾನು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಶಾಫ್ಟ್‌ಗಳ ಹೊರವ್ಯಾಸ ಪದೇ ಪದೇ ಜಾಸ್ತಿ ಬರುತ್ತಿತ್ತು. '5 ವೈ' ಮಾಡಿದೆವು, ಅಂದರೆ ಮೂಲ ಕಾರಣ ಸಿಗುವ ತನಕ 'ಯಾಕೆ?' ಅಂತ ಮತ್ತೆ ಮತ್ತೆ ಕೇಳುವುದು. ಮೊದಲ ಉತ್ತರ, 'ಆಪರೇಟರ್ ಗಮನ ಕೊಡಲಿಲ್ಲ'. ಅಲ್ಲಿಗೇ ಬಿಡದೆ ಕೇಳುತ್ತಾ ಹೋದಾಗ ಸಿಕ್ಕಿದ್ದೇ ಬೇರೆ: ಇನ್ಸರ್ಟ್ (ಲೋಹ ಕತ್ತರಿಸುವ, ಬದಲಿಸಬಹುದಾದ ಅಲಗು) ಸವೆದಂತೆ ವ್ಯಾಸ ಮೈಕ್ರಾನ್ ಲೆಕ್ಕದಲ್ಲಿ ಏರುತ್ತಿತ್ತು, ಅದನ್ನು ಯಾವಾಗ ಬದಲಿಸಬೇಕು ಅಂತ ಎಲ್ಲೂ ಬರೆದೇ ಇರಲಿಲ್ಲ.

ಪ್ರತಿ 200 ಪೀಸ್‌ಗೆ ಬದಲಿಸಿ ಅಂತ ಹಾಳೆ ಅಂಟಿಸಿದೆವು. 3 ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಹಳೇ ಕಥೆ. ರಾತ್ರಿ ಪಾಳಿಯವರು ಹಾಳೆ ನೋಡುವುದೇ ಇಲ್ಲ. ತಪ್ಪು ಅವರದಲ್ಲ, ಬರೆಯುವಾಗ ನಾವು ಅವರನ್ನು ಕೇಳಿಯೇ ಇರಲಿಲ್ಲ. ಅದೇ ನನಗೆ ಬೇಜಾರು.

ಯೋಜಿಸು, ಮಾಡು, ಪರಿಶೀಲಿಸು, ಕ್ರಮ ಕೈಗೊಳ್ಳು ಎಂಬ ಪಿಡಿಸಿಎ ಚಕ್ರದ ಕೊನೆ ಹೆಜ್ಜೆ, ಅಂದರೆ ಸುಧಾರಣೆಯನ್ನು ರೂಢಿಗೆ ತರುವುದು, ನಿಮ್ಮಲ್ಲಿ ಹೇಗೆ ಮಾಡುತ್ತೀರಿ? ಕಂಟ್ರೋಲ್ ಚಾರ್ಟನ್ನು (ಅಳತೆಗಳನ್ನು ಗುರುತಿಸುತ್ತಾ ಮಿತಿ ಮೀರುತ್ತಿವೆಯೇ ಅಂತ ನೋಡುವ ನಕ್ಷೆ) ಆಪರೇಟರ್ ಕೈಗೇ ಕೊಟ್ಟವರು ಇದ್ದೀರಾ? ದಯವಿಟ್ಟು ಅನುಭವ ಹೇಳಿ.