ಬಾವಿ ನೀರಿನಲ್ಲಿ ಇ. ಕೋಲಿ: ಹೊಟ್ಟೆಯಲ್ಲೇ ಇರುವುದಕ್ಕೆ ಹೆದರಬೇಕೆ?

ಕುಮಟಾ_ಬಾವಿಕಟ್ಟೆ:
ಮಳೆ ಹಿಡಿದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಬಾವಿ ನೀರಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಇದೆ ಎಂದು ಬಂದಿದೆ. ಚಿರೇಕಲ್ಲಿನ ಬಾವಿ, ಅಗಲ 2 ಮೀಟರ್, ಈಗ ನೀರು 3 ಮೀಟರ್. ಎಲ್ಲರ ಕರುಳಲ್ಲೂ ಇದು ಇರುತ್ತದಂತೆ, ಮತ್ತೆ ಕುಡಿದರೆ ಏನು? ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಲ್ಯಾಬ್_ಕಾರವಾರ:
ಇರುವುದು ನಿಜ. 1885ರಲ್ಲಿ ಮಕ್ಕಳ ವೈದ್ಯ ಥಿಯೋಡರ್ ಎಶೆರಿಶ್ ಇದನ್ನು ಗುರುತಿಸಿದ್ದೇ ಶಿಶುಗಳ ಮಲದಲ್ಲಿ. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಇದರ ಪಾಲು ಶೇ. 1ರಷ್ಟೂ ಇಲ್ಲ. ಆದರೂ ಅಲ್ಲಿ ಉಳಿದ ಆಮ್ಲಜನಕವನ್ನು ತಾನು ಬಳಸಿ, ಗಾಳಿ ಆಗದ ಉಳಿದವಕ್ಕೆ ಅನುಕೂಲ ಮಾಡಿಕೊಡುತ್ತದೆ. ವಿಟಮಿನ್ ಕೆ2 ಕೂಡ ತಯಾರಿಸುತ್ತದೆ. ಇದೇ ಸಾಧು ಪ್ರಾಣಿ ಮೂತ್ರನಾಳಕ್ಕೆ ಹೊಕ್ಕರೆ ಉರಿಮೂತ್ರ. ಒ157:ಎಚ್7ನಂಥ ತಳಿಗಳು ವಿಷ ಉಗುಳಿ ರಕ್ತಭೇದಿ ತರುತ್ತವೆ, ಮಕ್ಕಳ ಕಿಡ್ನಿಗೂ ಪೆಟ್ಟು ಕೊಡಬಲ್ಲವು.

ನಿಮ್ಮ ವರದಿ ತಳಿ ಯಾವುದೆಂದು ಹೇಳುವುದಿಲ್ಲ. ಹೇಳುವುದು ಇಷ್ಟೇ: ಮನುಷ್ಯರದೋ ದನದ್ದೋ ಮಲ ನೀರಿಗೆ ಸೇರಿದೆ. ಆ ದಾರಿಯಲ್ಲೇ ಟೈಫಾಯ್ಡ್, ಕಾಮಾಲೆಯ ವೈರಸ್ಸೂ ಬರಬಹುದು. ಅದಕ್ಕೇ ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ. ನೀರಲ್ಲಿ ಒಂದೂ ಕಾಣಬಾರದು. ಮನೆಯಲ್ಲಿ ಯಾರಿಗೂ ತೊಂದರೆ ಇಲ್ಲವಾದರೆ ಆ್ಯಂಟಿಬಯಾಟಿಕ್ ನುಂಗಬೇಡಿ. ಚಿಕಿತ್ಸೆ ಬೇಕಾದ್ದು ಬಾವಿಗೆ.

ನೀರು_ನೈರ್ಮಲ್ಯ_ಶಿರಸಿ:
ಲೆಕ್ಕ: 3.14 × 2 × 2 × 3 ÷ 4 = 9.42 ಘನ ಮೀಟರ್, ಅಂದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ 24 ಗ್ರಾಂ. ಬಕೆಟ್‌ನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, 10 ನಿಮಿಷ ಬಿಡಿ. ಮೇಲಿನ ತಿಳಿಯನ್ನು ಬೇರೆ ಬಕೆಟ್‌ಗೆ ಬಸಿದು, ಹಗ್ಗ ಕಟ್ಟಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣದ ಗಸಿ ಬಾವಿಗೆ ಬೇಡ, ನೀರು ಗಡಸಾಗುತ್ತದೆ. ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್‌ನಲ್ಲಿ ನೋಡಿ: ಲೀಟರಿಗೆ 0.5 ಮಿ.ಗ್ರಾಂ ಉಳಿದಿರಬೇಕು. ಇಲ್ಲದಿದ್ದರೆ ಮತ್ತೆ ಹಾಕಬೇಕು. ಕೆಂಪು ರಾಡಿ ನೀರು ಕ್ಲೋರಿನ್ ತಿಂದುಬಿಡುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಬಾಯಿ ಬಿಚ್ಚಿಟ್ಟ ಪೌಡರ್ ಕೂಡ ಸತ್ವ ಕಳೆದುಕೊಂಡಿರುತ್ತದೆ.

ಕುಮಟಾ_ಬಾವಿಕಟ್ಟೆ:
ಪಾಯಖಾನೆ ಗುಂಡಿ 8 ಮೀಟರ್ ದೂರ, ದಿಬ್ಬದ ಮೇಲೆ ಇದೆ.

ನೀರು_ನೈರ್ಮಲ್ಯ_ಶಿರಸಿ:
ಹಾಗಾದರೆ ಪೌಡರ್ ತಾತ್ಕಾಲಿಕ. ಸಾಮಾನ್ಯ ಮಣ್ಣಿಗೇ 15 ಮೀಟರ್ ಅಂತರ ಹೇಳುತ್ತಾರೆ. ಚಿರೇಕಲ್ಲಿನ ತೂತುಗಳಲ್ಲಿ ನೀರು ಸೋಸದೇ ಹರಿದುಬರುತ್ತದೆ. ಗುಂಡಿಯನ್ನು ಬಾವಿಗಿಂತ ತಗ್ಗಿನ ಜಾಗಕ್ಕೆ, ದೂರ ಒಯ್ಯಬೇಕು. ಅಲ್ಲಿವರೆಗೆ ಕುಡಿಯುವ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿ.

ಲ್ಯಾಬ್_ಕಾರವಾರ:
ಮರುಪರೀಕ್ಷೆಯನ್ನು ಕ್ಲೋರಿನ್ ಪೂರ್ತಿ ಇಳಿದ ಮೇಲೆ ಮಾಡಿಸಿ, ಇಲ್ಲವಾದರೆ ಸುಳ್ಳು ಸಮಾಧಾನ. ಲ್ಯಾಬಿನ ಬಾಟಲಿಯನ್ನೇ ತನ್ನಿ, ತೊಳೆಯಬೇಡಿ. ತುಂಬಿಸಿ ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.